ನಿಜವಾದ ಹೊಡೆದಾಟಕ್ಕೆ ಯಾವುದು ಒದಗುತ್ತದೆ?

ಪ್ರಶ್ನೆ: ಆರು ವರ್ಷ ಕರಾಟೆ ಕಲಿತ ನನ್ನನ್ನು, ಎಂಟೇ ತಿಂಗಳು ಬ್ರೆಜಿಲಿಯನ್ ಜಿಯು-ಜಿಟ್ಸು (ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿತಗಳಿಂದ ಮಣಿಸುವ ಕಲೆ) ಅಭ್ಯಾಸ ಮಾಡಿದ್ದ ಗೆಳೆಯನೊಬ್ಬ ಸೊಂಟ ಹಿಡಿದು ಕೆಡವಿ, ನಾನು ಎರಡನೆಯ ಗುದ್ದು ಹಾಕುವ ಮೊದಲೇ ಹಿಂದಿನಿಂದ ಕತ್ತು ಬಿಗಿದುಬಿಟ್ಟನು. ಹಾಗಾದರೆ ಸಾಂಪ್ರದಾಯಿಕ ಕಲೆಗಳು ನಿಜವಾದ ಹೊಡೆದಾಟದಲ್ಲಿ ನಿರುಪಯುಕ್ತವೇ?

ಉತ್ತರ 1: ಬೇರೆ ಬೇರೆ ಕಲೆಗಳ ಪಟುಗಳು ಸೆಣಸುವ ಯುಎಫ್‌ಸಿ ಸ್ಪರ್ಧೆ 1993ರಲ್ಲಿ ಮೊದಲ ಬಾರಿ ನಡೆದಾಗ ಜಿಯು-ಜಿಟ್ಸು ಪಟು ರಾಯ್ಸ್ ಗ್ರೇಸಿ ಗೆದ್ದದ್ದೂ ಬಹುಮಟ್ಟಿಗೆ ಹೀಗೆಯೇ. ಆದರೆ ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿರುವುದು ಕಲೆಯ ಹೆಸರಿನಲ್ಲಲ್ಲ, ಸುಲಭಕ್ಕೆ ಮಣಿಯದ ಎದುರಾಳಿಯೊಡನೆ ಪೂರ್ಣ ಬಲದಿಂದ ಪ್ರತಿದಿನ ಸೆಣಸುವ ಅಭ್ಯಾಸದಲ್ಲಿ. ಬ್ರೆಜಿಲಿಯನ್ ಜಿಯು-ಜಿಟ್ಸುವಿಗೆ ಮೂಲವಾದ ಜೂಡೋ, 1882ರಲ್ಲಿ ಹುಟ್ಟಿದ್ದರೂ, ಈ ಅಭ್ಯಾಸವನ್ನು ಎಂದೂ ಕೈಬಿಡಲಿಲ್ಲ.

ಉತ್ತರ 2: ಎದುರಾಳಿ ಒಬ್ಬನೇ ಆದರೆ ಈ ಮಾತು ಸರಿ. ಇಬ್ಬರಿದ್ದರೆ, ನೀವು ನೆಲದಲ್ಲಿ ಒಬ್ಬನ ತೋಳು ತಿರುಚುತ್ತಿರುವಾಗಲೇ ಇನ್ನೊಬ್ಬನ ಬೂಟುಗಾಲು ನಿಮ್ಮ ತಲೆಗೆ ಬಂದಿರುತ್ತದೆ.

ಪ್ರಶ್ನೆ ಕೇಳಿದವರು: ಕರಾಟೆಯನ್ನು ಬಿಡುವುದಿಲ್ಲ, ಬಿದ್ದ ಮೇಲೆ ಬೇಗ ಎದ್ದು ನಿಲ್ಲುವುದನ್ನಾದರೂ ಆ ಗೆಳೆಯನಿಂದಲೇ ಕಲಿಯುತ್ತೇನೆ.