ಅಪ್‌ಡೇಟ್: ಗಿರಣಿ ನೀರಿನಲ್ಲೇ ಓಡುತ್ತಿದೆ!

ಮೈನ್‌ಕ್ರಾಫ್ಟ್‌ನಲ್ಲಿ ನೀರಿನಿಂದ ಗೋಧಿ ಬೀಸೋ ಗಿರಣಿ ಕಟ್ಟೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಮೂಲ ಆಟದಲ್ಲಿ ನೀರಿನ ಚಕ್ರವೇ ಇಲ್ಲ, ‘ಕ್ರಿಯೇಟ್’ ಅನ್ನೋ ಮಾಡ್ (ಆಟಕ್ಕೆ ಹೊಸ ಯಂತ್ರಗಳನ್ನು ಸೇರಿಸೋ ಹೆಚ್ಚುವರಿ ಪ್ಯಾಕ್) ಹಾಕಿ ಅಂದಿರಿ. ಹಾಕಿದೆ. ಸಣ್ಣ ವಾಟರ್ ವೀಲ್ ಪಕ್ಕ ನೀರು ಹರಿಸಿದ ತಕ್ಷಣ ತಿರುಗತೊಡಗಿತು. ಆದರೆ ನಿಮಿಷಕ್ಕೆ 8 ಸುತ್ತು ಅಷ್ಟೇ, ಬೀಸೋದು ತೀರಾ ನಿಧಾನ. ದೊಡ್ಡ ಹಲ್ಲುಚಕ್ರಕ್ಕೆ ಸಣ್ಣದನ್ನು ಓರೆಯಾಗಿ ಕಚ್ಚಿಸಿದೆ, ವೇಗ 16 ಆಯಿತು. ಸುಮ್ನೆ ಅಲ್ಲ, ಒಂದೊಂದು ಬೀಸುಕಲ್ಲು ಚಕ್ರದ ಮೇಲೆ ಹಾಕೋ ಹೊರೆಯೂ ಮಾಡ್‌ನ ಲೆಕ್ಕದಲ್ಲಿ 32ರಿಂದ 64ಕ್ಕೆ ಏರಿತು! ಚಕ್ರ ಹೊರಬಲ್ಲದ್ದು ಒಟ್ಟು 256, ಅಂದರೆ ನಾಲ್ಕು ಕಲ್ಲಿಗೆ ಮುಗಿಯಿತು. ಐದನೆಯದು ಇಟ್ಟರೆ ಇಡೀ ಗಿರಣಿ ನಿಂತೇಬಿಡುತ್ತದೆ. ನನಗೆ ಎರಡೇ ಜಾಸ್ತಿ.

ಡಿಸ್ಪೆನ್ಸರ್‌ನಲ್ಲಿ (ಒಳಗಿಟ್ಟದ್ದನ್ನು ಹೊರಗೆ ಬಿಡೋ ಪೆಟ್ಟಿಗೆ) ನೀರಿನ ಬಕೆಟ್ ಇಟ್ಟು ಬೆಳೆ ಕೊಯ್ಯೋ ಉಪಾಯಕ್ಕೆ ಮಾತ್ರ ಮಾಡ್ ಬೇಕಾಗಲಿಲ್ಲ. ಬಟನ್ ಒತ್ತಿದರೆ ನೀರು ನುಗ್ಗಿ ಗೋಧಿಯೆಲ್ಲ ಕೊಚ್ಚಿಕೊಂಡು ಬರುತ್ತದೆ.