ಹವಳ ದ್ವೀಪಕ್ಕೆ ಹತ್ತು ದಿನ: ಮಾಸ್ಕ್ ಮಂಜು, ಸೆಳೆತದ ಲೆಕ್ಕ, ಈಜು ಬಾರದವರು

ಕಡಲಹಕ್ಕಿ:
ಎಲ್ಲರಿಗೂ ನಮಸ್ಕಾರ. ನಾಲ್ಕು ಜನ ಹತ್ತು ದಿನಕ್ಕೆ ಒಂದು ಸಣ್ಣ ಹವಳ ದ್ವೀಪಕ್ಕೆ ಸ್ನಾರ್ಕೆಲಿಂಗಿಗೆ ಹೊರಟಿದ್ದೇವೆ, ಅಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಸ್ನಾರ್ಕೆಲ್ ಅನ್ನೋ ಉಸಿರುಕೊಳವೆ ಕಚ್ಚಿ, ತೇಲುತ್ತಾ ಮೀನು, ಹವಳ ನೋಡೋಕೆ. ಅಲ್ಲಿ ಡೈವಿಂಗ್ ಅಂಗಡಿ ಇಲ್ಲ, ಸಾಮಾನು ಬಾಡಿಗೆಗೆ ಸಿಗಲ್ಲ, ಆಸ್ಪತ್ರೆ ಅಂದರೆ ಐದು ತಾಸಿನ ದೋಣಿ ದಾರಿ. ಏನಿದ್ದರೂ ಹೊರಡುವ ಮೊದಲೇ ಸರಿಮಾಡಿಕೊಳ್ಳಬೇಕು.

ಹೊಸ ಮಾಸ್ಕ್ ಎರಡೇ ನಿಮಿಷದಲ್ಲಿ ಮಂಜು ಕಟ್ಟುತ್ತೆ, ಮೀಸೆ ಇರುವವರಿಗೆ ಸೋರುತ್ತೆ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ತಗೊಂಡರೆ ಎರಡೂ ತಪ್ಪುತ್ತಾ? ಒಬ್ಬರಿಗೆ ಮೈನಸ್ 3.5 ಕನ್ನಡಕ. ಒಬ್ಬರಿಗೆ ಈಜು ಬರಲ್ಲ. ಇನ್ನೊಂದು, ಲಗೂನಿನಿಂದ (ಹವಳದ ಗೋಡೆಯ ಒಳಗಿನ ಕಡಲು) ಹೊರಗಡಲಿಗೆ ಒಂದು ಕಿಂಡಿ ಇದೆ, ಅದರ ಅಂಚಿನಲ್ಲೇ ಮೀನು ಹೆಚ್ಚು ಅಂತಾರೆ. ಅಲ್ಲಿ ಯಾವ ಹೊತ್ತಿಗೆ ಇಳಿಯಬೇಕು?

ಗಾಜುಕಣ್ಣು:
ಮಾಸ್ಕ್ ವಿಷಯ ನಾನು ಹೇಳ್ತೀನಿ, ಸೆಳೆತದ ಬಗ್ಗೆ ಬೇರೆಯವರು ಬರೆಯಲಿ.

ಹೊಸ ಮಾಸ್ಕ್ ಮಂಜಾಗೋದು ಗಾಜಿನ ಒಳಮೈ ಮೇಲೆ ತಯಾರಿಕೆಯಲ್ಲೇ ಕೂತಿರುವ ಸಿಲಿಕೋನ್ ಪೊರೆಯಿಂದ. ಕಣ್ಣಿಗೆ ಕಾಣಲ್ಲ, ಬರೀ ನೀರಲ್ಲಿ ತೊಳೆದರೆ ಹೋಗಲ್ಲ. ಬಿಳಿ ಟೂತ್‌ಪೇಸ್ಟ್ ತಗೊಳ್ಳಿ. ಜೆಲ್ ಪೇಸ್ಟಿನಲ್ಲಿ ತಿಕ್ಕುವ ಪುಡಿ ಸಾಕಷ್ಟಿರಲ್ಲ. ಒಣ ಗಾಜಿಗೆ ಕಡಲೆಕಾಳಿನಷ್ಟು ಹಚ್ಚಿ, ಬೆರಳ ತುದಿಯಿಂದ ಮೂಲೆಮೂಲೆಗೂ ಎರಡು ಮೂರು ನಿಮಿಷ ಉಜ್ಜಿ, ತೊಳೆಯಿರಿ. ಹೀಗೆ ಮೂರು ನಾಲ್ಕು ಸಲ. ಆಮೇಲೆ ಗಾಜಿನ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಟ್ಟು ನೋಡಿ. ಹಬೆ ದಟ್ಟವಾಗಿ ಅಂಟಿಕೊಂಡು ಕೂತರೆ ಪೊರೆ ಇನ್ನೂ ಇದೆ, ಮತ್ತೆ ಉಜ್ಜಿ. ಇದು ಗಟ್ಟಿ ಗಾಜಿನ ಮಾಸ್ಕಿಗೆ ಮಾತ್ರ. ಒಳಗೆ ಲೇಪ ಇರುವ ಗಾಜು ಅಥವಾ ಪ್ಲಾಸ್ಟಿಕ್ ಆದರೆ ಗೀರು ಬೀಳುತ್ತೆ. ಲೈಟರ್ ಬೆಂಕಿ ತೋರಿಸಿ ಸುಡುವ ಉಪಾಯ ಹಲವರು ಹೇಳ್ತಾರೆ, ಸಿಲಿಕೋನ್ ಅಂಚು ಸುಟ್ಟುಹೋದರೆ ಮಾಸ್ಕೇ ಹೋಯ್ತು. ದ್ವೀಪದಲ್ಲಿ ಇನ್ನೊಂದು ಸಿಗಲ್ಲ.

ಅಲ್ಲಿ ಪ್ರತಿದಿನ ಇಳಿಯುವ ಮುಂಚೆ ಎರಡು ಹನಿ ಬೇಬಿ ಶಾಂಪೂ ಒಳಗಾಜಿಗೆ ಸವರಿ, ಒಂದೇ ಸಲ ನೀರಲ್ಲಿ ಅದ್ದಿ ತೆಗೆಯಿರಿ. ಚೆನ್ನಾಗಿ ತೊಳೆದುಬಿಟ್ಟರೆ ಹಚ್ಚಿದ್ದು ವ್ಯರ್ಥ. ಮೂಗಿನಿಂದ ಉಸಿರು ಬಿಡೋ ಅಭ್ಯಾಸ ಇದ್ದರೆ ಯಾವ ಮದ್ದೂ ನಿಲ್ಲಲ್ಲ. ನಡುವೆ ಮಾಸ್ಕ್ ತೆಗೆದಾಗ ಹಣೆಗೆ ಏರಿಸಬೇಡಿ, ಹಣೆಯ ಬಿಸಿಗೆ ಮಂಜಾಗುತ್ತೆ, ಅಲೆ ಬಡಿದರೆ ಕಳೆದೂ ಹೋಗುತ್ತೆ. ಕುತ್ತಿಗೆಗೆ ಇಳಿಸಿಕೊಳ್ಳಿ.

ಅಳತೆ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಷ್ಟು ಹೊತ್ತೂ ಬೀಳಬಾರದು. ಇದನ್ನು ಬಾಯಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡೇ ನೋಡಿ, ಕಚ್ಚಿದಾಗ ಕೆನ್ನೆಯ ಆಕಾರ ಬದಲಾಗುತ್ತೆ. ಮೀಸೆಗೆ ಮೂಗಿನ ಕೆಳಗೆ ಅಂಚು ಕೂರುವಲ್ಲಿ ಐದು ಮಿಲಿಮೀಟರ್ ಪಟ್ಟಿ ಬೋಳಿಸಿದರೆ ಸಾಕು, ಮನಸ್ಸಾಗದಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಿ. ಸೋರುತ್ತೆ ಅಂತ ಪಟ್ಟಿ ಬಿಗಿಯೋದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತೆ.

ಕನ್ನಡಕದ ಕಡ್ಡಿ ಅಂಚಿನಡಿ ಹೋದರೆ ನೀರು ನುಗ್ಗೋದು ಖಂಡಿತ. ಅರ್ಧರ್ಧ ಪವರಿನ ಅಂತರದಲ್ಲಿ ಬರುವ ಸಿದ್ಧ ಗಾಜು ಕೂರಿಸುವ ಮಾಸ್ಕ್ ಸಿಗುತ್ತವೆ. ನೀರೊಳಗೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಮೈನಸ್ 3.5 ಇರುವವರಿಗೆ 3.0 ಕೂಡ ಸಾಲುತ್ತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವುದೇ ಆದರೆ ದಿನಕ್ಕೊಂದು ಬಿಸಾಡುವಂಥದ್ದು ಹಾಕಿ.

ಮಾಸ್ಕ್ ಪಟ್ಟಿ, ಸ್ನಾರ್ಕೆಲ್ ಹಿಡಿದಿಡುವ ಕೊಂಡಿ, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಪಟ್ಟಿ ತಲಾ ಎರಡೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ತುಂಡಾಗೋದು ಇವೇ.

ಉಬ್ಬರ_ಇಳಿತ:
ಕಿಂಡಿಯ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು. ಎಲ್ಲಕ್ಕಿಂತ ಮುಖ್ಯವಾದ್ದು ಅದೇ. ಇಡೀ ಲಗೂನಿನ ನೀರು ಆ ಕಿಂಡಿಯಲ್ಲೇ ಒಳಗೆ ಬರಬೇಕು, ಹೊರಗೆ ಹೋಗಬೇಕು. ಉಬ್ಬರದಲ್ಲಿ ಹೊರಗಡಲಿನ ತಿಳಿನೀರು ಒಳಬರುತ್ತೆ: ದೂರದವರೆಗೆ ಕಾಣುತ್ತೆ, ಸೆಳೆತ ಹಿಡಿದರೂ ಲಗೂನಿನ ಒಳಗೇ ತಳ್ಳುತ್ತೆ. ಇಳಿತದಲ್ಲಿ ಲಗೂನಿನ ಮರಳು ಕದಡಿದ ನೀರು ಹೊರಕ್ಕೆ ಹರಿಯುತ್ತೆ, ನಿಮ್ಮನ್ನೂ ಹೊರಗಡಲಿಗೆ ಒಯ್ಯುತ್ತೆ. ಆದ್ದರಿಂದ ಉಬ್ಬರದ ಕೊನೆಯ ಒಂದು ತಾಸಿನಲ್ಲಿ ಇಳಿದು, ನೀರು ನಿಂತಾಗ ನೋಡಿ ಮುಗಿಸಿ, ಇಳಿತ ಶುರುವಾಗುವ ಮೊದಲೇ ಮೇಲೆ ಬನ್ನಿ. ಆ ಹೊತ್ತಿಗೆ ಹವಳದ ಮೇಲೂ ನೀರು ಹೆಚ್ಚಿರುತ್ತೆ, ಹೊಟ್ಟೆ ತರಚಲ್ಲ.

ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ತಾಸು. ನೀರು ಒಂದೇ ಸಮ ಇಳಿಯಲ್ಲ. ಮೊದಲ ತಾಸಿಗೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಅಂದರೆ ನಡುವಿನ ಎರಡು ತಾಸಿನಲ್ಲೇ ಅರ್ಧ ನೀರು ಹರಿದುಹೋಗುತ್ತೆ. ಆ ಹೊತ್ತಿನಲ್ಲಿ ಕಿಂಡಿಯ ಹತ್ತಿರ ಸುಳಿಯಲೇಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಹತ್ತು ದಿನದ ಪ್ರವಾಸದಲ್ಲಿ ಕಿಂಡಿಯನ್ನು ಅಷ್ಟಮಿ ಹತ್ತಿರದ ದಿನಕ್ಕೆ ಇಟ್ಟುಕೊಳ್ಳಿ.

ಇಷ್ಟಾದರೂ ಒಂದು ಮೋಸ ಉಳಿಯುತ್ತೆ. ಗಾಳಿಗೆ ಎದುರಾದ ಕಡೆ ದೊಡ್ಡ ಅಲೆ ಹವಳದ ಗೋಡೆ ಹಾರಿ ಲಗೂನಿಗೆ ಬೀಳುತ್ತಿದ್ದರೆ, ಆ ನೀರು ಹೊರಹೋಗಲು ಇರೋದು ಕಿಂಡಿಯೊಂದೇ. ಅಂಥ ದಿನ ಉಬ್ಬರವಿದ್ದರೂ ಕಿಂಡಿಯಲ್ಲಿ ಸೆಳೆತ ಹೊರಮುಖವಾಗೇ ಇರಬಹುದು. ಆಚೆ ಅಲೆ ಒಡೆಯುವ ಸದ್ದು ಜೋರಾಗಿದ್ದರೆ ಉಬ್ಬರ ಇಳಿತದ ಪಟ್ಟಿಯಲ್ಲಿ ಬರೆದದ್ದನ್ನು ನಂಬಬೇಡಿ, ನೀರನ್ನೇ ನೋಡಿ.

ನೋಡುವುದು ಹೇಗೆ: ದಂಡೆಯಿಂದ ಅಥವಾ ನಿಂತ ದೋಣಿಯಿಂದ ತೇಲುವ ಎಲೆಯೊಂದನ್ನು ಬಿಡಿ. ಹತ್ತು ಮೀಟರ್ ಹೋಗಲು ಎಷ್ಟು ಸೆಕೆಂಡು ಎಣಿಸಿ. 20 ಸೆಕೆಂಡಾದರೆ ತಾಸಿಗೆ ಸುಮಾರು 1.8 ಕಿಲೋಮೀಟರ್ ವೇಗ. ಫಿನ್ ಹಾಕಿದ ಸಾಧಾರಣ ಈಜುಗಾರ ಒಂದೇ ಸಮನೆ ಈಜಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಎದುರು ಈಜಿದರೂ ಇದ್ದಲ್ಲೇ ಇರ್ತೀರಿ. 40 ಸೆಕೆಂಡಿಗಿಂತ ಬೇಗ ಹೋದರೆ ಹೊಸಬರು ಇಳಿಯೋದು ಬೇಡ. ನೀರಲ್ಲಿರುವಾಗ ಐದು ನಿಮಿಷಕ್ಕೊಮ್ಮೆ ಕಾಲು ಆಡಿಸೋದು ನಿಲ್ಲಿಸಿ, ಕೆಳಗಿನ ಒಂದು ಹವಳವನ್ನೇ ದಿಟ್ಟಿಸಿ. ಅದು ಜಾರುತ್ತಿದ್ದರೆ ಜಾರುತ್ತಿರುವುದು ನೀವು. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ಬರುವಾಗ ಅದೇ ತರುತ್ತೆ.

ಸಿಕ್ಕಿಬಿದ್ದರೆ ಎದುರು ಗುದ್ದಾಡಬೇಡಿ. ಅಡ್ಡಕ್ಕೆ, ಕಿಂಡಿಯ ಅಂಚಿನ ಕಡೆಗೆ ಈಜಿ. ಹೊರಗೆ ಹೋದಮೇಲೆ ನೀರು ಬೀಸಣಿಗೆಯಂತೆ ಹರಡಿಕೊಂಡು ಸೆಳೆತ ಸಡಿಲವಾಗುತ್ತೆ. ದೋಣಿ ಕಾಯಬೇಕಾದ್ದು ಅಲ್ಲೇ, ಸೆಳೆತ ಹೋಗುವ ದಿಕ್ಕಿನಲ್ಲಿ. ಕಿತ್ತಳೆ ಬಣ್ಣದ ಊದುವ ಗುರುತುಕೊಳವೆ, ಸೀಟಿ ಪ್ರತಿಯೊಬ್ಬರ ಹತ್ತಿರ ಇರಲಿ. ಅಲೆಗಳ ನಡುವೆ ಬರೀ ತಲೆ ನೂರು ಮೀಟರಿನಿಂದಲೂ ಕಾಣಲ್ಲ.

ನೀರ್ದಾರಿ:
ಈಜು ಬಾರದವರ ಬಗ್ಗೆ. ಬಾಯಿಂದ ಊದುವ ಸ್ನಾರ್ಕೆಲ್ ವೆಸ್ಟ್ ಅವರಿಗಲ್ಲ, ಫೋಮ್ ತುಂಬಿದ ಲೈಫ್ ಜಾಕೆಟ್ಟೇ ಬೇಕು, ಕಾಲಿನ ನಡುವಿನ ಪಟ್ಟಿ ಸಮೇತ. ಇಲ್ಲದಿದ್ದರೆ ನೀರಲ್ಲಿ ಗಲ್ಲದವರೆಗೆ ಏರಿಬಿಡುತ್ತೆ. ಸೊಂಟದಷ್ಟು ಆಳದ ಮರಳು ತಳದಲ್ಲಿ ಶುರುಮಾಡಿ. ಮೊದಲು ನಿಂತುಕೊಂಡೇ ಮಾಸ್ಕ್ ಹಾಕಿ ಮುಖ ಮುಳುಗಿಸೋದು. ಆಮೇಲೆ ಸ್ನಾರ್ಕೆಲ್ ಕಚ್ಚಿ ಐವತ್ತು ಉಸಿರು. ಅದು ಸಲೀಸಾದ ಮೇಲೆ ಜೊತೆಗಾರರ ಕೈ ಹಿಡಿದು ತೇಲೋದು. ಕಿಂಡಿಯ ಕಡೆ ಅವರನ್ನು ಕರೆದೊಯ್ಯಬೇಡಿ.

ಉಸಿರು ನಿಧಾನ, ಆಳ ಇರಬೇಕು. ಕಾರಣ ಇದು: 40 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸುಮಾರು 125 ಮಿಲಿಲೀಟರ್ ಗಾಳಿ ಹಿಡಿಯುತ್ತೆ. ಬಿಟ್ಟ ಉಸಿರಿನ ಕೊನೆಯ ಅಷ್ಟು ಭಾಗ ಅಲ್ಲೇ ಉಳಿದು ಮತ್ತೆ ಒಳಬರುತ್ತೆ. ಗಾಬರಿಯಲ್ಲಿ ಚಿಕ್ಕಚಿಕ್ಕ ಉಸಿರಾಡಿದರೆ ಹಳೇ ಗಾಳಿಯೇ ತಿರುತಿರುಗಿ ಬಂದು ಗಾಬರಿ ಇನ್ನೂ ಹೆಚ್ಚುತ್ತೆ.

ಪೂರ್ತಿ ಮುಖದ ಮಾಸ್ಕ್ ಬೇಡ ಅಂತಲೇ ನನ್ನ ಮಾತು. ಒಳಗೆ ಜಾಗ ಹೆಚ್ಚು, ಕವಾಟ ಸ್ವಲ್ಪ ಸೋರಿದರೂ ಬಿಟ್ಟ ಗಾಳಿ ಮತ್ತೆ ಒಳಗೆ. ಮುಳುಗಿದರೆ ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಮೂಗು ಹಿಡಿಯೋಕಾಗಲ್ಲ. ಕೆಮ್ಮು ಬಂದರೆ ಕೊಳವೆಯನ್ನು ಉಗುಳಿ ಉಸಿರಾಡುವ ಅವಕಾಶವೂ ಇಲ್ಲ.

ಇದನ್ನು ನಾಲ್ವರೂ ಗಮನದಲ್ಲಿಡಿ: ಪ್ರಜ್ಞೆ ತಪ್ಪಿ ಬೋರಲಾಗಿ ತೇಲುತ್ತಿರುವವರು ನೆಮ್ಮದಿಯಾಗಿ ಮೀನು ನೋಡುತ್ತಿರುವವರ ಹಾಗೇ ಕಾಣ್ತಾರೆ. ಕೂಗು, ಕೈಬೀಸು ಏನೂ ಇರಲ್ಲ. ಇಬ್ಬಿಬ್ಬರ ಜೋಡಿ ಮಾಡಿ, ಎರಡು ನಿಮಿಷಕ್ಕೊಮ್ಮೆ ಪರಸ್ಪರ ಕೈಸನ್ನೆ ಮಾಡಲೇಬೇಕು ಅಂತ ಇಟ್ಟುಕೊಳ್ಳಿ.

ಕಡಲಹಕ್ಕಿ:
ತುಂಬಾ ಉಪಕಾರ ಆಯ್ತು. ಫುಲ್ ಫೇಸ್ ಮಾಸ್ಕ್ ಕೈಬಿಟ್ಟೆವು. ಎರಡು ಸಂದೇಹ ಉಳಿದಿವೆ. ಆ ದ್ವೀಪಕ್ಕೆ ಉಬ್ಬರ ಇಳಿತದ ಪಟ್ಟಿ ಎಲ್ಲೂ ಸಿಗ್ತಿಲ್ಲ. ಮೂರು ನಾಲ್ಕು ಮೀಟರ್ ಮುಳುಗಿ ನೋಡಬೇಕು ಅನ್ನುವವರು ಏನು ನೋಡಿಕೊಳ್ಳಬೇಕು?

ಉಬ್ಬರ_ಇಳಿತ:
ಹೋದ ದಿನವೇ ದಂಡೆಯ ಇಳಿಜಾರಿನಲ್ಲಿ ಒಂದು ಕೋಲು ನೆಟ್ಟು, ಅರ್ಧ ತಾಸಿಗೊಮ್ಮೆ ನೀರಿನ ಮಟ್ಟಕ್ಕೆ ಚಾಕುವಿನಿಂದ ಗೀಟು ಹಾಕಿ, ಸಮಯ ಬರೆದಿಡಿ. ಏರೋದು ನಿಂತ ಹೊತ್ತು ಸಿಕ್ಕಿತು ಅಂದರೆ ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡ, ಅದರ ಮರುದಿನ ಇನ್ನೂ 50. ಕೆಲವು ಕಡಲುಗಳಲ್ಲಿ ದಿನಕ್ಕೆ ಒಂದೇ ಉಬ್ಬರ ಇರುತ್ತೆ, ಕೋಲು ಅದನ್ನೂ ಹೇಳುತ್ತೆ. ಕಿಂಡಿಯಲ್ಲಿ ನೀರು ನಿಲ್ಲುವ ಹೊತ್ತು ದಂಡೆಯ ಹೊತ್ತಿಗಿಂತ ಹಿಂದುಮುಂದಾಗಬಹುದು, ಅದಕ್ಕೇ ಎಲೆಯ ಪರೀಕ್ಷೆ ಬಿಡಬೇಡಿ. ಅಲ್ಲಿನ ಮೀನುಗಾರರನ್ನು ಕೇಳಿ. ಅವರು ಬೇಡ ಅಂದ ದಿನ ಬೇಡ.

ಮುಳುಗಲು: ತಲೆ ನೀರೊಳಗೆ ಹೋದ ಕೂಡಲೇ ಕಿವಿಯ ಒತ್ತಡ ಸರಿಹೋಗಲು ಮೂಗು ಹಿಡಿದು ಮೆಲ್ಲಗೆ ಊದಿ, ಪ್ರತಿ ಅರ್ಧ ಮೀಟರಿಗೂ ಒಂದು ಸಲ. ನೋವು ಬಂದಮೇಲೆ ಊದಿ ಪ್ರಯೋಜನ ಇಲ್ಲ, ಮೇಲೆ ಬನ್ನಿ. ಶೀತ ಆದ ದಿನ ಮುಳುಗಬೇಡಿ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡೋದು ಪ್ರಾಣಕ್ಕೇ ಅಪಾಯ. ಉಸಿರು ಬೇಕು ಅನ್ನಿಸೋದು ಇಂಗಾಲದ ಡೈಆಕ್ಸೈಡ್ ಏರಿದಾಗ. ಅದನ್ನು ಮೊದಲೇ ಹೊರಹಾಕಿದರೆ ಎಚ್ಚರಿಕೆಯೇ ಬರದೆ ಆಮ್ಲಜನಕ ಮುಗಿದು ಪ್ರಜ್ಞೆ ಹೋಗುತ್ತೆ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲಿದ್ದು ಅವರನ್ನೇ ನೋಡುತ್ತಿರಬೇಕು.

ಗಾಯಕ್ಕೆ_ಮದ್ದು:
ಆಸ್ಪತ್ರೆ ಐದು ತಾಸು ಅಂದಿರಿ, ಅದಕ್ಕೆ ಇದು. ಹವಳದ ತರಚು ಚಿಕ್ಕದು ಅಂತ ಬಿಡಬೇಡಿ. ಒಳಗೆ ಕೂತ ಚೂರು ಕೀವು ಮಾಡುತ್ತೆ. ಕುಡಿಯುವ ನೀರು, ಸೋಪು, ಮೆತ್ತನೆ ಬ್ರಷ್ಷಿನಿಂದ ಉರಿದರೂ ತಿಕ್ಕಿ, ಚೂರನ್ನು ಚಿಮಟದಲ್ಲಿ ತೆಗೆದು, ನಂಜುನಿವಾರಕ ಹಚ್ಚಿ. ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಕಾಯದೆ ಹೊರಡಿ. ಟೆಟನಸ್ ಇಂಜೆಕ್ಷನ್ ಹೊರಡುವ ಮೊದಲೇ ಆಗಿರಲಿ.

ಸ್ಟೋನ್‌ಫಿಶ್, ಲಯನ್‌ಫಿಶ್ ಮುಳ್ಳು ಚುಚ್ಚಿದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ 30ರಿಂದ 90 ನಿಮಿಷ ಅದ್ದಬೇಕು. ನೋವಿನಲ್ಲಿರುವವರಿಗೆ ಬಿಸಿ ತಿಳಿಯಲ್ಲ, ಸುಟ್ಟುಕೊಳ್ತಾರೆ. ಬೇರೆಯವರ ಕೈ ಹಾಕಿ ನೋಡಿ. ಸ್ಟೋನ್‌ಫಿಶ್ ಆದರೆ ಅದ್ದುತ್ತಲೇ ದೋಣಿಗೆ ಹೇಳಿಕಳಿಸಿ. ಶಂಕುವಿನಾಕಾರದ ಬಣ್ಣಬಣ್ಣದ ಚಿಪ್ಪು ಮುಟ್ಟಲೇಬೇಡಿ, ಕೋನ್ ಸ್ನೇಲ್ ವಿಷ ಕೊಲ್ಲಬಲ್ಲದು. ದೊಡ್ಡ ಟ್ರಿಗರ್‌ಫಿಶ್ ಗೂಡಿನ ಮೊಟ್ಟೆ ಕಾಯುವಾಗ ಬೆನ್ನಟ್ಟಿ ಕಚ್ಚುತ್ತೆ. ಅದರ ಗಡಿ ಗೂಡಿನಿಂದ ಮೇಲಕ್ಕೆ ಅಗಲವಾಗುವ ಆಲಿಕೆಯಂತೆ ಇರುತ್ತೆ, ಹಾಗಾಗಿ ಮೇಲಕ್ಕೆ ಓಡಿದರೆ ಅದರ ಜಾಗದಲ್ಲೇ ಇರ್ತೀರಿ. ಅಡ್ಡಕ್ಕೆ ಹೋಗಿ.

ಬಿಸಿಲಿಗೆ ತುಂಬುತೋಳಿನ ಅಂಗಿ, ಮೊಣಕಾಲಿನ ಹಿಂಭಾಗ ಮುಚ್ಚುವ ಲೆಗ್ಗಿಂಗ್ಸ್. ಉಳಿದ ಕಡೆ ಮಾತ್ರ ಜಿಂಕ್ ಆಕ್ಸೈಡ್ ಕ್ರೀಮ್. ಆಕ್ಸಿಬೆಂಜೋನ್ ಇರುವ ಕ್ರೀಮನ್ನು ಹವಳಕ್ಕೆ ಹಾನಿ ಅಂತ ಪಲಾವ್ ದೇಶ 2020ರಿಂದ ನಿಷೇಧಿಸಿದೆ, ಹವಾಯಿಯಲ್ಲಿ 2021ರಿಂದ ಅದರ ಮಾರಾಟ ನಿಂತಿದೆ. ಹಾಗೇ ಹವಳದ ಮೇಲೆ ನಿಲ್ಲಬೇಡಿ ದಯವಿಟ್ಟು. ಗುಂಡು ಹವಳ ವರ್ಷಕ್ಕೆ ಬೆಳೆಯೋದು ಒಂದೆರಡು ಸೆಂಟಿಮೀಟರ್, ಹಲವಕ್ಕೆ ಅಷ್ಟೂ ಇಲ್ಲ. ಫಿನ್ನಿನ ಒಂದು ಒದೆತಕ್ಕೆ ಅಂಗೈ ಅಗಲದ ಜೀವ ಕಿತ್ತುಬರುತ್ತೆ.

ಕಿವಿಗೆ: ದಿನದ ಕೊನೆಗೆ ಸಿಹಿನೀರಲ್ಲಿ ತೊಳೆದು, ಬಿಳಿ ವಿನೆಗರ್ ಮತ್ತು ರಬ್ಬಿಂಗ್ ಆಲ್ಕೋಹಾಲ್ ಸಮಸಮ ಬೆರೆಸಿ ಮೂರು ನಾಲ್ಕು ಹನಿ ಬಿಟ್ಟು, ಅರ್ಧ ನಿಮಿಷ ಬಿಟ್ಟು ತಲೆ ವಾಲಿಸಿ ಚೆಲ್ಲಿ. ಕಿವಿತಮಟೆ ತೂತಾಗಿರುವವರು, ಈಗಾಗಲೇ ಕಿವಿನೋವು ಇರುವವರು ಇದನ್ನು ಹಾಕಬಾರದು.