ಬೇಸಿಗೆಯಲ್ಲಿ ಮನೆಮಂದಿ ಜೊತೆ ಕೋಟೆ ಹತ್ತೋದು: ಡಾಕ್ಟರಿಗೆ ಕೇಳಿ

ಅಡ್ಮಿನ್: ಪುಣೆಯ ಕನ್ನಡಿಗರಿಗೆ ನಮಸ್ಕಾರ. ಮೇ ರಜೆ ಶುರುವಾಗಿದೆ, ಮಕ್ಕಳು ಹಿರಿಯರನ್ನ ಕರ್ಕೊಂಡು ಕೋಟೆ ಹತ್ತೋರು ಹೆಚ್ಚಾಗಿದ್ದಾರೆ. ನಮ್ಮ ಗುಂಪಿನ ಡಾಕ್ಟರು ಇವತ್ತು ರಾತ್ರಿ ಹತ್ತರವರೆಗೆ ಉತ್ತರ ಕೊಡ್ತಾರೆ. ವಯಸ್ಸು, ಇರೋ ಕಾಯಿಲೆ ಬರೆದು ಕೇಳಿ.

ವಾಕಡ್‌ನಿಂದ: ಸರ್, ಐದು ವರ್ಷದ ಮಗಳನ್ನ ಸಿಂಹಗಡಕ್ಕೆ ಕರ್ಕೊಂಡು ಹೋಗಬಹುದಾ?

ಡಾಕ್ಟರ್: ಹೋಗಿ. ಬೆಳಕು ಹರಿಯೋ ಹೊತ್ತಿಗೆ ಹತ್ತೋಕೆ ಶುರು ಮಾಡಿ, ಒಂಬತ್ತೂವರೆಯೊಳಗೆ ಕೆಳಗಿರಿ. ಮಗು ನೀರು ಕೇಳಲಿ ಅಂತ ಕಾಯಬೇಡಿ, ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸಿ.

ಚಿಂಚವಡದಿಂದ: ಕಳಸೂಬಾಯಿ ಬೆಟ್ಟದ ಮೇಲೆ ಆಮ್ಲಜನಕ ಕಡಿಮೆ, ಕರ್ಪೂರ ಮೂಸ್ತಾ ಹತ್ತಬೇಕು ಅಂತ ಮೆಸೇಜ್ ಬಂದಿದೆ. ನಿಜವಾ?

ಡಾಕ್ಟರ್: ಸುಳ್ಳು. ಕಳಸೂಬಾಯಿ 1,646 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು.

ಕೋಥ್ರೂಡ್‌ನಿಂದ: ಡಾಕ್ಟ್ರೇ, ಹೋದ ಭಾನುವಾರ ಗುಂಜವಣೆ ಕಡೆಯಿಂದ ರಾಜಗಡ ಹತ್ತಿದ್ವಿ. ನಮ್ಮ ಮಾವನವರಿಗೆ 67, ಬಿಪಿ ಇದೆ. ಹನ್ನೊಂದೂವರೆಗೆ ಚೋರ್ ದರವಾಜಾ ಕೆಳಗೆ, ಕಂಬಿ ಹಿಡ್ಕೊಂಡು ಹತ್ತೋ ಬಂಡೆಯಲ್ಲಿ, ಸುಮ್ಮನೆ ನಿಂತುಬಿಟ್ರು. ಮೊಮ್ಮಗನನ್ನ ತೀರಿಹೋದ ತಮ್ಮನ ಹೆಸರಿಡಿದು ಕರೆದ್ರು. ಮೇಲೆ ಪದ್ಮಾವತಿ ಕೆರೆ ಹತ್ತಿರ ನೆರಳಲ್ಲಿ ಕೂರಿಸಿ ಲಿಂಬು ಸರ್ಬತ್ ಕೊಟ್ವಿ, ಮುಕ್ಕಾಲು ಗಂಟೆಯಲ್ಲಿ ಸರಿಹೋದ್ರು. ಬರೋ ಭಾನುವಾರ ಕಳಸೂಬಾಯಿ. ಓಆರ್‌ಎಸ್ ಜಾಸ್ತಿ ತಗೊಂಡ್ರೆ ಸಾಕಾ?

ಡಾಕ್ಟರ್: ಮೇಡಂ, ಬಿಪಿ ಮಾತ್ರೆಯ ಸ್ಟ್ರಿಪ್ ಹಿಂದೆ ಏನು ಬರೆದಿದೆ, ಈಗಲೇ ನೋಡಿ ತಿಳಿಸಿ.

ನಿಗಡಿಯಿಂದ: ಕಿಸೆದಾಗ ಒಂದು ಉಳ್ಳಾಗಡ್ಡಿ ಇಟ್ಕೊಂಡ್ರ ಬಿಸಲ ಬಡಿಯೂದಿಲ್ರಿ. ಹಿಂದಿನಿಂದ ಬಂದದ್ದು, ಎಲ್ಲಾರಿಗೂ ಕಳಸ್ರಿ.

ಡಾಕ್ಟರ್: ಕಿಸೆಯಲ್ಲಿರೋ ಉಳ್ಳಾಗಡ್ಡಿ ಮೈಯ ಶಾಖ ಎಳೆಯೋದಿಲ್ಲ. ಅದನ್ನ ನಂಬಿ ಟೋಪಿ, ನೀರು ಎರಡನ್ನೂ ಅಲಕ್ಷ್ಯ ಮಾಡ್ತಾರೆ. ಯಾರಿಗೂ ಕಳಿಸಬೇಡಿ.

ಕೋಥ್ರೂಡ್‌ನಿಂದ: ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5.

ಡಾಕ್ಟರ್: ನನಗಿದ್ದ ಅನುಮಾನ ಇದೇ. ಎರಡನೇ ಔಷಧಿ ಮೂತ್ರದ ಮೂಲಕ ಉಪ್ಪು ನೀರು ಹೊರಗೆ ಹಾಕುತ್ತೆ. ಬೆವರಿನಲ್ಲೂ ಹೋಗೋದು ಅದೇ. ಮೇಲಿಂದ ಬರೀ ನೀರು ಕುಡೀತಾ ಹೋದ್ರೆ ರಕ್ತದ ಸೋಡಿಯಂ ಇಳಿದು ಮನುಷ್ಯ ಹೀಗೇ ತಡವರಿಸ್ತಾನೆ. ಹೀಟ್ ಸ್ಟ್ರೋಕ್ ಶುರುವಾಗಿದ್ರೂ ಹೀಗೇ. ಮೆದುಳಿಗೆ ರಕ್ತ ಸ್ವಲ್ಪ ಹೊತ್ತು ತಡೆದು ಬಿಟ್ಟಿದ್ರೂ ಹೀಗೇ ಕಾಣಬಹುದು. ಯಾವುದು ಅಂತ ಇಲ್ಲಿ ಕೂತು ಹೇಳೋಕಾಗಲ್ಲ. ನಾಳೆ ಬೆಳಿಗ್ಗೆಯೇ ಅವರ ಡಾಕ್ಟರಿಗೆ ತೋರಿಸಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಇಸಿಜಿ ಆಗಲಿ, ಬಿಪಿಯನ್ನ ಕೂರಿಸಿಯೂ ನಿಲ್ಲಿಸಿಯೂ ನೋಡಲಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ರಾತ್ರಿ ಮಾತು ತೊದಲಿದ್ರೆ, ಬಾಯಿ ಸೊಟ್ಟಗಾದ್ರೆ, ಕೈಕಾಲು ಸೋತ್ರೆ ಬೆಳಗಾಗೋವರೆಗೆ ಕಾಯಬೇಡಿ. ಕಳಸೂಬಾಯಿಯ ಏಣಿಗಳ ಮೇಲೆ ಇದೇ ಆಗಿದ್ರೆ ಹಿಡಿಯೋರು ಯಾರು? ಈ ಸಲ ಬೇಡ, ದಯವಿಟ್ಟು.

ಉಳಿದವರೂ ಓದಿ. ಬಿಸಿಲಲ್ಲಿ ಯಾರಾದ್ರೂ ಸಂಬಂಧವಿಲ್ಲದ ಮಾತಾಡಿದ್ರೆ, ತೂರಾಡಿದ್ರೆ ಸುಸ್ತು ಅಂತ ಬಿಡಬೇಡಿ. ಮೈ ಬೆವರ್ತಾ ಇದ್ರೂ ಹೀಟ್ ಸ್ಟ್ರೋಕ್ ಆಗಿರಬಹುದು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇರೋ ನೀರನ್ನ ತಲೆ, ಕುತ್ತಿಗೆ, ಎದೆ ಮೇಲೆ ಸುರಿದು ದುಪಟ್ಟಾದಿಂದ ಗಾಳಿ ಬೀಸ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ಯಾರಾಸಿಟಮಾಲ್‌ನಿಂದ ಈ ಶಾಖ ಇಳಿಯೋದಿಲ್ಲ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ.

ಹಡಪ್ಸರ್‌ನಿಂದ: 67ರ ಮುದುಕರನ್ನ ಮೇ ತಿಂಗಳಲ್ಲಿ ರಾಜಗಡ ಹತ್ತಿಸಿದ್ದೇ ತಪ್ಪು.

ಬಾಣೇರ್‌ನಿಂದ: ವಯಸ್ಸಿನ ಮಾತು ಯಾಕೆ? ನಮ್ಮಪ್ಪ 72ಕ್ಕೆ ತೋರಣಾ ಹತ್ತಿ ಇಳಿದ್ರು.

ಹಡಪ್ಸರ್‌ನಿಂದ: ನಿಮ್ಮಪ್ಪನ ಕಥೆ ಕೇಳಿದ್ಯಾರು? ಹನ್ನೊಂದೂವರೆಗೆ ಬಂಡೆ ಮೇಲಿದ್ರು ಅಂದ್ರೆ ಹೊರಟಿದ್ದು ಎಷ್ಟು ಹೊತ್ತಿಗೆ?

ಕೋಥ್ರೂಡ್‌ನಿಂದ: ಅವರೇ ಹಠ ಮಾಡಿ ಬಂದಿದ್ದು. ನಾನು ಡಾಕ್ಟರನ್ನ ಕೇಳಿದ್ದೀನಿ, ನಿಮ್ಮನ್ನಲ್ಲ.

ಅಡ್ಮಿನ್: ಸಾಕು, ಇಬ್ಬರೂ ನಿಲ್ಲಿಸಿ.

ಔಂಧ್‌ನಿಂದ: ಓಆರ್‌ಎಸ್ ಅರ್ಧ ಲೀಟರ್ ಬಾಟಲಿಗೆ ಒಂದು ಪ್ಯಾಕೆಟ್ ಹಾಕಿದ್ರೆ ಜೋರಾಗಿರುತ್ತಲ್ವಾ?

ಡಾಕ್ಟರ್: ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್. ಗಟ್ಟಿ ಮಾಡಿದ್ರೆ ತೊಂದರೆ.

ಪಿಂಪ್ರಿಯಿಂದ: ಓಆರ್‌ಎಸ್ ಎಷ್ಟು ನೀರಿಗೆ ಸರ್?

ಡಾಕ್ಟರ್: ಮೇಲಿದೆ.

ಪಣಜಿಯಿಂದ: ಜೂನ್‌ನಲ್ಲಿ ಎಂಟು ವರ್ಷದ ಮಗನ ಜೊತೆ ದೂಧಸಾಗರ. ಬೂಟು ಯಾವುದು ಒಳ್ಳೇದು?

ನಿಗಡಿಯಿಂದ: ಹಾವು ಕಡದ್ರ ಮ್ಯಾಲ ಹಗ್ಗ ಬಿಗದು, ಬ್ಲೇಡಿಲೆ ಕೊಯ್ದು ರಕ್ತ ಹಿಂಡಬೇಕು. ನನಗ ಬಂದ ಮೆಸೇಜಿನಾಗ ಬರದದ ನೋಡ್ರಿ.

ಡಾಕ್ಟರ್: ಯಜಮಾನ್ರೇ, ಇದನ್ನ ಈಗಲೇ ಅಳಿಸಿ. ಹಗ್ಗ ಬಿಗಿದು ಕಾಲು ಕಳ್ಕೊಂಡವರಿದ್ದಾರೆ. ಬಿಗೀಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಾಲು ಅಲುಗದ ಹಾಗೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ಇಳಿಸಿ. ವಿಷಕ್ಕೆ ಮದ್ದು ಆಸ್ಪತ್ರೆಯ ಆ್ಯಂಟಿವೆನಮ್ ಒಂದೇ.

ನಿಗಡಿಯಿಂದ: ಇಷ್ಟ ಸಿಟ್ಟ್ಯಾಕ್ರಿ? ಒಳ್ಳೇದಾಗ್ಲಿ ಅಂತ ಹಾಕಿದ್ದೆ.

ಡಾಕ್ಟರ್: ಅಳಿಸಿ.

ಕೋಥ್ರೂಡ್‌ನಿಂದ: ಡಾಕ್ಟ್ರೇ, ನಾಳೆ ಎಂಟಕ್ಕೆ ಟೈಮ್ ಸಿಕ್ತು. ಕಳಸೂಬಾಯಿ ಕ್ಯಾನ್ಸಲ್ ಮಾಡಿದ್ವಿ, ಮಾವ ಮುನಿಸ್ಕೊಂಡು ಊಟ ಮಾಡ್ತಿಲ್ಲ. ರಕ್ತಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಡಾಕ್ಟರ್: ಬೇಡ. ಈಗ ಊಟ ಮಾಡಿಸಿ, ಬೆಳಿಗ್ಗೆ ತಿಂಡಿ ತಿನ್ನಿಸಿ ಕರ್ಕೊಂಡು ಹೋಗಿ. ಮಾತ್ರೆ ಸ್ಟ್ರಿಪ್ ಜೊತೆಗಿರಲಿ. ರಿಪೋರ್ಟ್ ಬಂದ ತಕ್ಷಣ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದ್ರೂ.